ಜೋಡಿ ಕಟ್ಟಿ ಕೇಳಿ: ಶಾಸ್ತ್ರೀಯ ಸಂಗೀತದ ತಟ್ಟೆಗಳ ಸಂಗ್ರಹ

ಗಂಗೂಬಾಯಿ ಹಾನಗಲ್ ಅವರ ಎರಡು ಮುದ್ರಣಗಳನ್ನು ಒಂದರ ಹಿಂದೊಂದು ಕೇಳಿ. ಒಂದು, 1930ರ ದಶಕದ 78 ಆರ್‌ಪಿಎಂ ತಟ್ಟೆ. ಆರಂಭದ ಆ ತಟ್ಟೆಗಳ ಮೇಲೆ ಅವರ ಹೆಸರು ‘ಗಾಂಧಾರಿ’ ಎಂದಿರುತ್ತಿತ್ತು. ತೆಳುವಾದ, ಚುರುಕಾದ, ಮೇಲಿನ ಶ್ರುತಿಯ ಎಳೆಯ ದನಿ ಅದು. ಇನ್ನೊಂದು, ಎಲ್‌ಪಿ ಕಾಲದ್ದು. ಹಾಡುತ್ತಿರುವವರು ಗಂಡಸೋ ಹೆಂಗಸೋ ಎಂದು ಹೊಸ ಕೇಳುಗರು ಅನುಮಾನಿಸುವಷ್ಟು ತುಂಬಿದ, ಭಾರವಾದ ಕಂಠ. ನಡುವೆ ಗಂಟಲಿನ ತೊಂದರೆ ಬಂತು, ಚಿಕಿತ್ಸೆ ಆಯಿತು, ದನಿ ಇಳಿಯಿತು ಎಂಬುದನ್ನು ಅವರ ಬಗ್ಗೆ ಬರೆದವರೆಲ್ಲ ಹೇಳಿದ್ದಾರೆ. ಎರಡು ತಟ್ಟೆ ಪಕ್ಕಪಕ್ಕದಲ್ಲಿದ್ದಾಗ ಮಾತ್ರ ಇನ್ನೊಂದು ಸಂಗತಿ ಕಿವಿಗೆ ಬೀಳುತ್ತದೆ: ದನಿ ಹೋದ ಮೇಲೆ ಅವರು ಹಳೆಯ ಹಾಡಿಕೆಯನ್ನು ಕೆಳಗಿನ ಶ್ರುತಿಗೆ ಇಳಿಸಿ ಸುಮ್ಮನಾಗಲಿಲ್ಲ. ಹೊಸ ಕಂಠಕ್ಕೆ ಒಪ್ಪುವ ಹೊಸ ನಡೆಯನ್ನೇ ಕಟ್ಟಿಕೊಂಡರು. ಸ್ವರಗಳನ್ನು ಒಂದೊಂದಾಗಿ ತೂಗಿ ಇಡುವ ಆ ನಿಧಾನ ಎಳೆ ವಯಸ್ಸಿನ ತಟ್ಟೆಗಳಲ್ಲಿ ಇಲ್ಲ.

ತಟ್ಟೆ ಕೂಡಿಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಪರೂಪದ ತಟ್ಟೆಯ ಬೆನ್ನು ಹತ್ತಬೇಡಿ, ಜೋಡಿ ಹುಡುಕಿ. ಕಪಾಟು ತುಂಬಿಸುವುದು ದುಡ್ಡಿದ್ದವರಿಗೆ ಕಷ್ಟವಲ್ಲ. ಒಂದು ತಟ್ಟೆ ಕೈಗೆ ಬಂದಾಗ ಇದನ್ನು ಯಾವುದರ ಪಕ್ಕ ಇಟ್ಟು ಕೇಳಬೇಕು ಎಂದು ಯೋಚಿಸುವವರ ಹತ್ತಿರ ಇಪ್ಪತ್ತು ತಟ್ಟೆ ಇದ್ದರೂ ಸಾಕು, ಅದು ಸಂಗ್ರಹ.

ಯಾವ ಜೋಡಿ?

ಅತ್ಯಂತ ಸುಲಭದ್ದು, ಒಬ್ಬರೇ ಗಾಯಕರ ಎರಡು ವಯಸ್ಸು. ಗಂಗೂಬಾಯಿಯವರಷ್ಟೇ ಒಳ್ಳೆಯ ಉದಾಹರಣೆ ಮಲ್ಲಿಕಾರ್ಜುನ ಮನ್ಸೂರರು. ಅವರ ಮೊದಲ ಪಾಠ ನೀಲಕಂಠಬುವಾ ಅಲೂರಮಠರ ಹತ್ತಿರ, ಗ್ವಾಲಿಯರ್ ಪದ್ಧತಿಯದು. 1930ರ ದಶಕದ ನಡುವೆ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಶಿಷ್ಯರಾದರು. 1937ರಲ್ಲಿ ಮಂಜಿ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನರ ಹತ್ತಿರ ಕಲಿತು ಜೈಪುರ–ಅತ್ರೌಲಿ ಘರಾಣೆಯನ್ನು ಪೂರ್ತಿಯಾಗಿ ತಮ್ಮದಾಗಿಸಿಕೊಂಡರು. ಈ ತಿರುವಿನ ಎರಡೂ ಕಡೆಯ ತಟ್ಟೆಗಳಿವೆ. ಮುಂಚಿನ 78ಗಳಲ್ಲಿ ಬೀಸಾದ ತಾನಗಳು, ತರುಣ ಗಾಯಕನ ಆತುರ. ಎಲ್‌ಪಿಗಳಲ್ಲಿ ತಾಲದ ಮಾತ್ರೆಗೆ ಮಾತ್ರೆ ಹೆಣೆದುಕೊಂಡು, ಉಸಿರು ಎಲ್ಲಿ ತೆಗೆದುಕೊಂಡರೋ ತಿಳಿಯದ ಹಾಗೆ ಸಾಗುವ ಸುರುಳಿ ನಡೆ. ಘರಾಣೆ ಎಂದರೇನು ಎಂದು ಕೇಳುವವರಿಗೆ ನಾನು ಪುಸ್ತಕ ಕೊಡುವುದಿಲ್ಲ, ಈ ಎರಡು ತಟ್ಟೆ ಹಾಕುತ್ತೇನೆ.

ಗುರು–ಶಿಷ್ಯರ ಜೋಡಿ ಎರಡನೆಯದು. ಕಿರಾನಾ ಪರಂಪರೆ ನಮ್ಮ ಉತ್ತರ ಕರ್ನಾಟಕದಲ್ಲೇ ಬೇರೂರಿದ್ದರಿಂದ ಕನ್ನಡಿಗರಿಗೆ ಇದು ಕೈಗೆಟಕುವ ಹಾದಿ. ಅಬ್ದುಲ್ ಕರೀಂ ಖಾನ್, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಅವರ ಶಿಷ್ಯರಾದ ಗಂಗೂಬಾಯಿ ಮತ್ತು ಭೀಮಸೇನ ಜೋಶಿ. ಮೂರು ತಲೆಮಾರೂ ತಟ್ಟೆಯ ಮೇಲಿದೆ. ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ‘ಪಿಯಾ ಬಿನ್’ ಠುಮ್ರಿಯ ತಟ್ಟೆಯನ್ನು ಅಂಗಡಿಯ ಮುಂದೆ ನಿಂತು ಕೇಳಿ ಗದಗಿನ ಹುಡುಗ ಭೀಮಸೇನ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಕಥೆ ಎಲ್ಲರಿಗೂ ಗೊತ್ತು. ಮುಂದೆ ಅದೇ ಠುಮ್ರಿಯನ್ನು ಭೀಮಸೇನರೂ ಹಾಡಿದರು. ಎರಡನ್ನೂ ಹಾಕಿ ನೋಡಿ. ಖಾನರ ಕಂಠ ಒಂದು ಸ್ವರದಿಂದ ಇನ್ನೊಂದಕ್ಕೆ ಎಲ್ಲಿ ದಾಟಿತೆಂಬುದೇ ತಿಳಿಯುವುದಿಲ್ಲ. ಭೀಮಸೇನರು ಅದೇ ದಾರಿಯಲ್ಲಿ ಹೊರಟು, ತಮ್ಮ ಎದೆಯುಸಿರಿನ ಬಲವನ್ನೆಲ್ಲ ತುಂಬಿ ಅದನ್ನು ಬೇರೆಯದೇ ಹಾಡಾಗಿ ಮಾಡುತ್ತಾರೆ.

ಮೂರನೆಯದು ಒಂದೇ ರಾಗ, ಬೇರೆ ಬೇರೆ ಘರಾಣೆ. ಇದಕ್ಕೆ ಸ್ವಲ್ಪ ಕೇಳ್ಮೆ ಬೇಕು, ಅವಸರ ಬೇಡ. ಅಮೀರ್ ಖಾನರ ಮಾರ್ವಾ ಮತ್ತು ದರ್ಬಾರಿಯ ಪ್ರಸಿದ್ಧ ಎಲ್‌ಪಿಯನ್ನು ಒಂದು ತುದಿಗೆ ಇಟ್ಟುಕೊಂಡರೆ ಅದರ ಎದುರಿಗೆ ಯಾವ ದರ್ಬಾರಿ ಇಟ್ಟರೂ ಕಲಿಯುವುದು ಇದ್ದೇ ಇದೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವವರಿಗೂ ಮೈಸೂರಿನಿಂದಲೇ ಹೊರಡುವ ಒಂದು ಜೋಡಿ ಇದೆ. ಜಯಚಾಮರಾಜ ಒಡೆಯರ್ ಅವರು ಭಾರೀ ತಟ್ಟೆ ಸಂಗ್ರಾಹಕರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಎಚ್‌ಎಂವಿಗೆ ಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ತೀರಿಕೊಂಡ ಆ ಸಂಗೀತಕಾರನ ವಯಸ್ಸಾದ ಬೆರಳುಗಳ ಮುದ್ರಣ ಈಗ ಸಿಡಿಯಲ್ಲೂ ಬಂದಿದೆ. ಅದರ ಪಕ್ಕಕ್ಕೆ ಹೈಪೀರಿಯನ್ ಕಂಪನಿಗೆ ನಿಕೊಲಾಯ್ ಡೆಮಿಡೆಂಕೊ ನುಡಿಸಿದ್ದನ್ನೋ, ಚಾಂಡೋಸ್ ಕಂಪನಿಗೆ ಜೆಫ್ರಿ ಟೋಜರ್ ನುಡಿಸಿದ್ದನ್ನೋ ಇಡಿ. ಹೊಸ ಮುದ್ರಣದಲ್ಲಿ ವಾದ್ಯವೃಂದದ ಪ್ರತಿ ಪದರವೂ ಬಿಡಿಸಿ ಕೇಳುತ್ತದೆ. ಕೃತಿ ಬರೆದವನೇ ಎಲ್ಲಿ ಅವಸರಿಸುತ್ತಾನೆ, ಎಲ್ಲಿ ತಡೆಯುತ್ತಾನೆ ಎಂಬುದನ್ನು ಮಾತ್ರ ಹಳೆಯದರಿಂದಲೇ ತಿಳಿಯಬೇಕು.

ಮೂರು ನಿಮಿಷದ ಲೆಕ್ಕ

ಹೋಲಿಸುವ ಮೊದಲು ತಟ್ಟೆಯ ಜಾತಿ ತಿಳಿದಿರಬೇಕು. ಹತ್ತು ಅಂಗುಲದ 78ರ ಒಂದು ಮಗ್ಗುಲಲ್ಲಿ ಹಿಡಿಸುವುದು ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ಹನ್ನೆರಡು ಅಂಗುಲದ್ದರಲ್ಲಿ ನಾಲ್ಕು ನಿಮಿಷ ಚಿಲ್ಲರೆ. ಎಲ್‌ಪಿಯ ಒಂದು ಮಗ್ಗುಲು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಸಿಡಿಯಲ್ಲಿ 74 ನಿಮಿಷದಾಚೆಗೂ ಹೋಗಬಹುದು. ಮೂರು ನಿಮಿಷದಲ್ಲಿ ಖ್ಯಾಲ್ ಹಾಡಿದವರನ್ನು ವಿಸ್ತಾರವಿಲ್ಲ ಎಂದು ದೂರುವುದು ಅನ್ಯಾಯ. ಅಲ್ಲಿ ನೋಡಬೇಕಾದದ್ದು ಆಯ್ಕೆ. ಇಡೀ ರಾಗದಲ್ಲಿ ಯಾವ ನಾಲ್ಕು ಮಾತನ್ನು ಉಳಿಸಿಕೊಂಡರು, ಎಷ್ಟು ಬೇಗ ಮೇಲಿನ ಷಡ್ಜಕ್ಕೆ ಹೋದರು, ಕೊನೆಯ ಅರ್ಧ ನಿಮಿಷವನ್ನು ಯಾವುದಕ್ಕೆ ಮೀಸಲಿಟ್ಟರು ಎಂದು ಗಮನಿಸಿ.

ಮುದ್ರಿಸಿದ ಬಗೆಯೂ ಮುಖ್ಯ. ಭಾರತದ ಮೊದಲ ಹೆಸರಾಂತ ತಟ್ಟೆಗಳು 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡ ಗೌಹರ್ ಜಾನ್ ಅವರವು. ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲೇ ಕಣ್ಣು ಮುಚ್ಚಿದ ಗೌಹರ್ ಜಾನ್ ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುವುದು ಆ ತಟ್ಟೆಗಳಲ್ಲಿ ಕೇಳುತ್ತದೆ. ಆಗ ತಟ್ಟೆ ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡೆಂದು ತಿಳಿಯಲು ಆ ಘೋಷಣೆ ನೆರವಾಗುತ್ತಿತ್ತು. 1908ರಲ್ಲಿ ಸಿಯಾಲ್ದಾದಲ್ಲಿ ಕಾರ್ಖಾನೆ ಬಂದ ಮೇಲೆ ಇಲ್ಲೇ ಒತ್ತತೊಡಗಿದರು. 1925ರವರೆಗೆ ಎಲ್ಲ ಕಡೆಯೂ ಮುದ್ರಣ ಕಹಳೆಯ ಮೂಲಕ: ಗಾಯಕರು ಅದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು, ತಂಬೂರಿಯಂಥ ಮೆಲುದನಿ ಅದಕ್ಕೆ ನಾಟುವುದೇ ಇಲ್ಲ. ಮೈಕ್ ಬಂದದ್ದು ಆಮೇಲೆ. ಕರೀಂ ಖಾನರು 1905ರ ಸುಮಾರಿಗೂ ಹಾಡಿದ್ದಾರೆ, 1930ರ ದಶಕದಲ್ಲಿ ಓಡಿಯನ್ ಕಂಪನಿಗೂ ಹಾಡಿದ್ದಾರೆ. ಈ ಎರಡರ ನಡುವಿನ ವ್ಯತ್ಯಾಸದಲ್ಲಿ ಎಷ್ಟು ಕಂಠದ್ದು, ಎಷ್ಟು ಯಂತ್ರದ್ದು ಎಂದು ಬೇರ್ಪಡಿಸುವುದು ಒಳ್ಳೆಯ ಅಭ್ಯಾಸ.

ಕೊಳ್ಳುವಾಗ

ಮುಂಬೈಯ ಚೋರ್ ಬಜಾರ್, ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟ್ ಹೆಸರುವಾಸಿ. ಬೆಂಗಳೂರಿನ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲೂ ತಟ್ಟೆ ಬರುತ್ತವೆ. ಆದರೆ ನನ್ನ ಅನುಭವದಲ್ಲಿ ಒಳ್ಳೆಯ ತಟ್ಟೆ ಸಿಗುವುದು ಮನೆ ಖಾಲಿ ಮಾಡುವವರ ಹತ್ತಿರ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಮೈಸೂರಿನ ಹಳೆಯ ಮನೆಗಳ ಅಟ್ಟದ ಮೇಲೆ ಇನ್ನೂ ಎಷ್ಟೋ ಪೆಟ್ಟಿಗೆಗಳಿವೆ. ನಾಲ್ಕು ಜನಕ್ಕೆ ಹೇಳಿಟ್ಟಿರಿ.

ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೇಲ್ಮೈಯ ಸಣ್ಣ ಗೀರುಗಳಿಗೆ ಹೆದರಬೇಕಿಲ್ಲ, ಉಗುರಿಗೆ ತಗಲುವ ಗೀರು ಕಿವಿಗೂ ತಗಲುತ್ತದೆ. 78ರ ಗೆರೆಗಳು ಕಪ್ಪಾಗಿ ಹೊಳೆಯುವ ಬದಲು ಬೂದಿ ಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಪಿನ್ನು ಅದನ್ನು ತಿಂದು ಮುಗಿಸಿದೆ ಎಂದು ಅರ್ಥ. ಎಷ್ಟು ತೊಳೆದರೂ ಅದು ವಾಪಸು ಬಾರದು. ಅರಗು, ಕಲ್ಲಿನ ಪುಡಿ, ಮಸಿ ಸೇರಿಸಿ ಮಾಡಿದ ಈ ತಟ್ಟೆಗಳಲ್ಲಿ ಕೂದಲೆಳೆಯ ಬಿರುಕು ಕಣ್ಣಿಗೆ ಕಾಣದೇ ಇರಬಹುದು. ನಡುವಿನ ತೂತಿಗೆ ಬೆರಳು ತೂರಿಸಿ ಎತ್ತಿ, ಅಂಚನ್ನು ಮೆಲ್ಲಗೆ ತಟ್ಟಿದರೆ ಬಿರುಕು ಬಿಟ್ಟದ್ದು ಬೋದು ದನಿ ಕೊಡುತ್ತದೆ. ಎಲ್‌ಪಿಯಾದರೆ ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕು ನೋಡಿ, ಕವರಿನೊಳಗೆ ಇರುವುದು ಕವರಿನ ಮೇಲೆ ಬರೆದದ್ದೇ ಹೌದೋ ಎಂದು ಲೇಬಲ್ ಓದಿ. ಅದಲುಬದಲಾದ ಕವರು ನಮ್ಮಲ್ಲಿ ತುಂಬ ಸಾಮಾನ್ಯ.

ಲೇಬಲ್ಲಿನ ಹೊರಗೆ, ಗೆರೆಗಳು ಮುಗಿದ ಖಾಲಿ ಜಾಗದಲ್ಲಿ ಕೆತ್ತಿದ ಇನ್ನೊಂದು ಸಂಖ್ಯೆ ಇರುತ್ತದೆ, ಅದು ಮ್ಯಾಟ್ರಿಕ್ಸ್ ಸಂಖ್ಯೆ. ಲೇಬಲ್ಲಿನ ಮೇಲಿನದು ಮಾರಾಟದ ಸಂಖ್ಯೆ, ಮರುಮುದ್ರಣದಲ್ಲಿ ಬದಲಾಗುತ್ತದೆ. ಮ್ಯಾಟ್ರಿಕ್ಸ್ ಆ ಹಾಡಿಕೆಗೇ ಅಂಟಿದ ಸಂಖ್ಯೆ. ಕರೀಂ ಖಾನರ ಓಡಿಯನ್ ಮುದ್ರಣಗಳು ಮುಂದೆ ಕೊಲಂಬಿಯಾ ಲೇಬಲ್ಲಿನಲ್ಲೂ ಬಂದವು. ಮ್ಯಾಟ್ರಿಕ್ಸ್ ನೋಡದವರು ಎರಡನ್ನೂ ದುಡ್ಡು ಕೊಟ್ಟು ತಂದು, ಒಂದೇ ಹಾಡಿಕೆಯನ್ನು ಅದರೊಂದಿಗೇ ಹೋಲಿಸುತ್ತ ಕೂರುತ್ತಾರೆ. ಎಚ್‌ಎಂವಿ ಎಲ್‌ಪಿಗಳಲ್ಲಿ ಇಎಎಲ್‌ಪಿ, ಇಸಿಎಲ್‌ಪಿ ಎಂದು ಶುರುವಾಗುವವು ಮೋನೊ, ಇಎಎಸ್‌ಡಿ, ಇಸಿಎಸ್‌ಡಿ ಎಂದಿರುವವು ಸ್ಟೀರಿಯೊ. ಹಳೆಯ ಮೋನೊ ಮುದ್ರಣಕ್ಕೆ ಕೃತಕವಾಗಿ ಸ್ಟೀರಿಯೊ ಬಣ್ಣ ಬಳಿದು ಹೊರಡಿಸಿದವೂ ಇವೆ, ಅಂಥ ಕಡೆ ಮೋನೊ ಪ್ರತಿ ಸಿಕ್ಕರೆ ಅದನ್ನೇ ತನ್ನಿ.

ಪಿನ್ನು ಮತ್ತು ವೇಗ

ಕೀಲಿ ಕೊಡುವ ಹಳೆಯ ಗ್ರಾಮಫೋನಿನಲ್ಲಿ ಎಲ್‌ಪಿ ಹಾಕಲೇಬಾರದು, ಒಂದೇ ಸಲಕ್ಕೆ ಅದು ಹಾಳು. ಅದರಲ್ಲಿ 78 ನುಡಿಸುವುದಾದರೂ ಪ್ರತಿ ಮಗ್ಗುಲಿಗೂ ಹೊಸ ಉಕ್ಕಿನ ಪಿನ್ನು ಬೇಕು. ಗಂಭೀರವಾಗಿ ಕೇಳುವವರು ವಿದ್ಯುತ್ ಟರ್ನ್‌ಟೇಬಲ್ ತೆಗೆದುಕೊಂಡು ಎರಡು ಬಗೆಯ ಮುಳ್ಳು ಇಟ್ಟುಕೊಳ್ಳುವುದು ಒಳ್ಳೆಯದು. ಎಲ್‌ಪಿಯ ಮುಳ್ಳಿನ ತುದಿ ಸುಮಾರು 18ರಿಂದ 25 ಮೈಕ್ರಾನ್, 78ಕ್ಕೆ ಬೇಕಾದದ್ದು ಸುಮಾರು 75. ಸಣ್ಣ ಮುಳ್ಳನ್ನು ಅಗಲದ ಗೆರೆಗೆ ಬಿಟ್ಟರೆ ಅದು ತಳಕ್ಕೆ ಬಿದ್ದು ಅಲ್ಲಿನ ಕಸವನ್ನೆಲ್ಲ ಕೆದಕಿ ಕೇಳಿಸುತ್ತದೆ. ‘ಹಳೆಯ ತಟ್ಟೆ ಬರೀ ಗರಗರ’ ಎನ್ನುವವರಲ್ಲಿ ಅರ್ಧ ಜನ ತಪ್ಪು ಮುಳ್ಳಿನಲ್ಲಿ ಕೇಳಿದವರು. ಆಂಪ್ಲಿಫೈಯರಿನಲ್ಲಿ ಮೋನೊ ಗುಂಡಿ ಇದ್ದರೆ ಮೋನೊ ತಟ್ಟೆಗೆ ಅದನ್ನು ಒತ್ತಿ, ಸದ್ದು ಗಮನಾರ್ಹವಾಗಿ ತಗ್ಗುತ್ತದೆ.

ಎಲ್ಲಕ್ಕಿಂತ ಮುಖ್ಯ ವೇಗ. 78 ಎಂದು ಹೆಸರಿದ್ದರೂ ಹಳೆಯ ತಟ್ಟೆಗಳೆಲ್ಲ ಆ ವೇಗದಲ್ಲೇ ಮುದ್ರಣವಾದವಲ್ಲ. ವೇಗ ನೂರಕ್ಕೆ ಆರರಷ್ಟು ಬದಲಾದರೆ ಶ್ರುತಿ ಒಂದು ಸ್ವರಸ್ಥಾನ ಸರಿಯುತ್ತದೆ. ಅಂದರೆ 78ರಲ್ಲಿ ತಿರುಗಬೇಕಾದ್ದು ಸುಮಾರು 73½ಕ್ಕೆ ಇಳಿದರೆ ಕಪ್ಪು ಎರಡರಲ್ಲಿ ಹಾಡಿದವರು ಹಾರ್ಮೋನಿಯಂನ ಪಕ್ಕದ ಬಿಳಿ ಮನೆಗೆ ಇಳಿದಿರುತ್ತಾರೆ, ಲಯವೂ ಜಗ್ಗಿರುತ್ತದೆ. ಇಂಥ ತಟ್ಟೆ ಕೇಳಿ ‘ಎಷ್ಟು ಗಂಭೀರ ಕಂಠ’ ಎಂದು ಹೊಗಳಿದರೆ ಆ ಹೊಗಳಿಕೆ ಯಂತ್ರಕ್ಕೆ ಸಲ್ಲುತ್ತದೆ.

ಮೊದಲು ನಿಮ್ಮ ಟರ್ನ್‌ಟೇಬಲ್ ಸರಿಯಾಗಿ ತಿರುಗುತ್ತಿದೆಯೇ ನೋಡಿಕೊಳ್ಳಿ. ಪಟ್ಟೆಗಳಿರುವ ಸ್ಟ್ರೋಬ್ ಕಾಗದ ಅಗ್ಗಕ್ಕೆ ಸಿಗುತ್ತದೆ. ನಮ್ಮ 50 ಹರ್ಟ್ಜ್ ವಿದ್ಯುತ್ತಿಗೆ 33⅓ರ ಕಾಗದದಲ್ಲಿ 180 ಪಟ್ಟೆ, 78ರದ್ದರಲ್ಲಿ 77 ಇರಬೇಕು. ದೀಪದ ಬೆಳಕಿನಲ್ಲಿ ಅವು ನಿಂತಂತೆ ಕಂಡರೆ ವೇಗ ಸರಿ. ಎಷ್ಟೋ ಎಲ್‌ಇಡಿ ದೀಪಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಹಳೆಯ ಬಲ್ಬು ಬೇಕು. ಇಲ್ಲವೇ ಮೊಬೈಲನ್ನೇ ತಿರುಗಣೆಯ ಮೇಲಿಟ್ಟು ಸುತ್ತು ಎಣಿಸುವ ಆ್ಯಪ್‌ಗಳಿವೆ.

ಆಮೇಲೆ ತಟ್ಟೆಯ ಸರದಿ. ತಂಬೂರಿ ಹಿಡಿದು ಷಡ್ಜ ಎಲ್ಲಿದೆ ಗುರುತಿಸಿ. ಅದೇ ದಿನ ಮುದ್ರಣವಾದ, ಅಂದರೆ ಹತ್ತಿರದ ಮ್ಯಾಟ್ರಿಕ್ಸ್ ಸಂಖ್ಯೆಯ ಬೇರೆ ಮಗ್ಗುಲಿದ್ದರೆ ಅದರ ಷಡ್ಜವನ್ನೂ ನೋಡಿ. ಹಿಂದೆ ಹಾರ್ಮೋನಿಯಂ ಇದ್ದರೆ ಅದು ಎರಡು ಮನೆಗಳ ನಡುವೆ ಬೀಳುವಂತಿಲ್ಲ. ಬಿದ್ದರೆ ವೇಗ ತಪ್ಪಿರುವ ಸಾಧ್ಯತೆ ಹೆಚ್ಚು. ಇಲ್ಲೊಂದು ಎಚ್ಚರ. ಗಾಯಕರ ನಂತರದ ಶ್ರುತಿಯನ್ನು ಅಳತೆಗೋಲು ಮಾಡಿಕೊಂಡು ಹಳೆಯ ತಟ್ಟೆಯನ್ನು ಎಳೆದು ಸರಿಪಡಿಸಬೇಡಿ. ಗಂಗೂಬಾಯಿಯವರ ‘ಗಾಂಧಾರಿ’ ತಟ್ಟೆಯನ್ನು ಅವರ ಮುಂದಿನ ಕಂಠಕ್ಕೆ ಹೊಂದಿಸಲು ಹೋದರೆ ಏನಾಗುತ್ತದೆ ಯೋಚಿಸಿ. ಷಡ್ಜದಿಂದ ಮಧ್ಯಮದಷ್ಟು ಅಂತರ ಇಳಿಸಬೇಕೆಂದರೂ ವೇಗವನ್ನು 78ರಿಂದ 58½ಕ್ಕೆ ತರಬೇಕಾಗುತ್ತದೆ. ಆ ಕಾಲದ ಯಾವ ಮುದ್ರಣವೂ ಅಷ್ಟು ದೂರ ತಪ್ಪುವುದಿಲ್ಲ. ಒಂದು, ಒಂದೂವರೆ ಸ್ವರಸ್ಥಾನದ ವ್ಯತ್ಯಾಸಕ್ಕೆ ಯಂತ್ರವನ್ನು ಅನುಮಾನಿಸಿ, ಅದಕ್ಕಿಂತ ಹೆಚ್ಚಾದರೆ ಬದಲಾದದ್ದು ಕಂಠವೇ. ಇಂಥ ಲೆಕ್ಕ ಕಾಗದದ ಮೇಲೆ ಒಣಗಿದಂತೆ ಕಾಣುತ್ತದೆ. ಆದರೆ ಒಬ್ಬ ಗಾಯಕಿಯ ಬದುಕಿನಲ್ಲಿ ನಿಜವಾಗಿ ನಡೆದದ್ದನ್ನು ಮೋಟಾರಿನ ತಪ್ಪೆಂದು ಅಳಿಸಿಹಾಕದಂತೆ ಕಾಪಾಡುವುದು ಅದೇ.

ಕೇಳುವ ಕ್ರಮ

ಎರಡರ ಸದ್ದನ್ನೂ ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ, ಇದು ಎಲ್ಲರ ಕಿವಿಯ ಸ್ವಭಾವ. ಇಡೀ ಹಾಡನ್ನು ಹೋಲಿಸಲು ಹೋಗದೆ ಒಂದು ಚಿಕ್ಕ ಜಾಗ ಹಿಡಿಯಿರಿ: ಮುಖಡಾ ಸಮಕ್ಕೆ ಬಂದು ಬೀಳುವ ರೀತಿ, ಅಂತರಾದ ಮೊದಲ ಸಾಲು, ಮೊದಲ ತಾನ ಎಲ್ಲಿಂದ ಎದ್ದಿತು ಎಂಬುದು. ಮೊದಲ ಸಲ ಯಾರು, ಯಾವ ವರ್ಷ ಎಂದು ನೋಡದೆ ಕೇಳಿ, ಬೇರೆಯವರ ಕೈಯಿಂದ ತಟ್ಟೆ ಹಾಕಿಸಿ. ಆಮೇಲೆ ಒಂದು ವಹಿಯಲ್ಲಿ ರಾಗ, ತಾಲ, ಬಂದಿಶ್, ಷಡ್ಜ, ಸಾಥಿದಾರರು, ಮ್ಯಾಟ್ರಿಕ್ಸ್ ಬರೆದು, ಕೆಳಗೆ ಎರಡು ಸಾಲು ನಿಮ್ಮ ಅನಿಸಿಕೆ. ವರ್ಷ ಕಳೆದ ಮೇಲೆ ಅದೇ ಜೋಡಿ ಕೇಳಿ ಮತ್ತೆ ಬರೆಯಿರಿ.

ತಟ್ಟೆ ಮತ್ತು ಅದರ ಸಿಡಿ ಮರುಮುದ್ರಣವನ್ನು ಹೋಲಿಸುವಾಗ ನನಗೆ ಸಿಟ್ಟು ಬರುವ ಸಂಗತಿ ಒಂದಿದೆ. ಹಳೆಯ ಮುದ್ರಣದ ಸದ್ದು ತೆಗೆಯುವ ಭರದಲ್ಲಿ ತಂಬೂರಿಯ ಜವಾರಿಯನ್ನೂ ಗಾಯಕರ ಉಸಿರನ್ನೂ ಒರೆಸಿಹಾಕಿದ ಸಿಡಿಗಳು ಬಹಳ ಇವೆ. ಕೊಳ್ಳುವ ಮುಂಚೆ ಹಾಡು ಶುರುವಾಗುವ ಮೊದಲಿನ ಎರಡು ಕ್ಷಣ, ಮಾತಿನ ನಡುವಿನ ಬಿಡುವು ಕೇಳಿ. ಅಲ್ಲಿ ತಂಬೂರಿ ಇದ್ದೂ ಇಲ್ಲದಂತೆ ಮುಳುಗಿ ಏಳುತ್ತಿದ್ದರೆ ಆ ಸಿಡಿ ಬೇಡ. ಸ್ವಲ್ಪ ಗರಗರ ಉಳಿಸಿಕೊಂಡ ಮರುಮುದ್ರಣವೇ ಮೇಲು.

ಜೋಪಾಸನೆ

ಎಲ್ಲ ತಟ್ಟೆಗಳನ್ನೂ ನೆಟ್ಟಗೆ ನಿಲ್ಲಿಸಿ ಇಡಿ. ಒಂದರ ಮೇಲೊಂದು ಪೇರಿಸಿದರೆ 78 ಒಡೆಯುತ್ತದೆ, ಎಲ್‌ಪಿ ಡೊಂಕಾಗುತ್ತದೆ. ಬಿಸಿಲು ಬೀಳುವ ಗೋಡೆ, ನಿಂತ ಕಾರು ಇವು ಎಲ್‌ಪಿಗೆ ಶತ್ರು. ಮಲೆನಾಡು, ಕರಾವಳಿಯವರಿಗೆ ಬೂಷ್ಟಿನ ಕಾಟ. ಕಪಾಟನ್ನು ಗೋಡೆಯಿಂದ ದೂರವಿಟ್ಟು, ಮಳೆಗಾಲದಲ್ಲಿ ಆಗಾಗ ತೆರೆದು ಗಾಳಿಯಾಡಿಸಿ, ಒದ್ದೆಯಾದ ಹಳೆಯ ಕಾಗದದ ಕವರುಗಳನ್ನು ಬದಲಾಯಿಸಿ.

ಡಿಸ್ಟಿಲ್ಡ್ ನೀರು, ಒಂದು ಹನಿ ಮೃದು ಸಾಬೂನು ದ್ರಾವಣ, ಮೆತ್ತನೆ ಬಟ್ಟೆ, ಗೆರೆಯ ದಿಕ್ಕಿನಲ್ಲೇ ಒರೆಸುವುದು, ಲೇಬಲ್ ನೆನೆಯದಂತೆ ನೋಡಿಕೊಳ್ಳುವುದು. ತೊಳೆಯಲು ಇಷ್ಟು ಸಾಕು. 78ಕ್ಕೆ ಸ್ಪಿರಿಟ್ ಮುಟ್ಟಿಸಬೇಡಿ, ಅರಗು ಕರಗಿಹೋಗುತ್ತದೆ. ಸಿಡಿಯನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಅಲ್ಲ.

ತಟ್ಟೆ ಸಿಗದ ಜೋಡಿಗೆ ಡಿಜಿಟಲ್ ಪ್ರತಿ ಸಾಲುತ್ತದೆ. ವಿಕ್ರಂ ಸಂಪತ್ ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸಾವಿರಾರು ಹಳೆಯ ಮುದ್ರಣಗಳನ್ನು ಕೇಳಲು ತೆರೆದಿಟ್ಟಿದೆ. ತಟ್ಟೆಗಳ ವಂಶಾವಳಿ ಬೇಕಾದವರು ಮೈಕೆಲ್ ಕಿನ್ನಿಯರ್ ಅವರ ಪಟ್ಟಿಗಳನ್ನು ನೋಡಬೇಕು. ಗ್ರಾಮಫೋನ್ ಕಂಪನಿಯ 1899ರಿಂದ 1908ರವರೆಗಿನ ಭಾರತೀಯ ಮುದ್ರಣಗಳ ಬಗ್ಗೆ ಅವರ ಗ್ರಂಥವೇ ಇದೆ. ಮುಂಬೈಯಲ್ಲಿ ಭಾರತೀಯ ತಟ್ಟೆ ಸಂಗ್ರಾಹಕರ ಸಂಘವಿದ್ದು, ಅದರ ‘ದ ರೆಕಾರ್ಡ್ ನ್ಯೂಸ್’ ಪತ್ರಿಕೆಯ ಹಳೆಯ ಸಂಚಿಕೆಗಳು ಬಂಗಾರದಂಥವು. ನಿಮ್ಮ ತಟ್ಟೆಯನ್ನು ಡಿಜಿಟಲ್ ಮಾಡಿ ಹಂಚುವ ಆಸೆಯಿದ್ದರೆ ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಎಂಬುದು ನೆನಪಿರಲಿ. ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕಿನ ಲೆಕ್ಕ ಬೇರೆ.

ಡಿಜಿಟಲ್ ಪ್ರತಿ ಮಾಡುವಾಗ ಒಂದನ್ನು ಏನೂ ತಿದ್ದದೆ ಹಾಗೇ ಇಡಿ. ಸದ್ದು ತಗ್ಗಿಸುವುದು, ವೇಗ ಹೊಂದಿಸುವುದು ಎಲ್ಲ ಅದರ ನಕಲಿನ ಮೇಲೆ ನಡೆಯಲಿ. ಕಡತದ ಹೆಸರಿನಲ್ಲಿ ಗಾಯಕರು, ರಾಗ, ಮ್ಯಾಟ್ರಿಕ್ಸ್ ಸಂಖ್ಯೆ, ನುಡಿಸಿದ ವೇಗ ಈ ನಾಲ್ಕೂ ಇರಲಿ. ನಾಳೆ ಇನ್ನೊಬ್ಬರ ಹತ್ತಿರ ಅದೇ ತಟ್ಟೆಯ ಇನ್ನೂ ಒಳ್ಳೆಯ ಪ್ರತಿ ಸಿಕ್ಕರೆ ಅವರು ನಿಮ್ಮದರ ಪಕ್ಕ ಇಟ್ಟು ಕೇಳಲು ಅಷ್ಟು ಬೇಕೇ ಬೇಕು.